ಗಂಡಸರು ಗದ್ದೆ ಬಿಟ್ಟರು, ಹೆಂಗಸರು ಉಳಿದರು

ಮಂಡ್ಯ ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಕೊಟ್ಟ ಉಪನ್ಯಾಸ ಇದು. ಮಾತಿನ ಧಾಟಿಯನ್ನು ಹೆಚ್ಚು ತಿದ್ದಿಲ್ಲ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಮೊದಲು ನಾಲ್ಕು ಅಂಕಿ ಹೇಳುತ್ತೇನೆ. ದಯವಿಟ್ಟು ಬರೆದುಕೊಳ್ಳಿ. ಭಾರತದಲ್ಲಿ 15 ವರ್ಷ ದಾಟಿದ ನೂರು ಹೆಂಗಸರನ್ನು ತೆಗೆದುಕೊಂಡರೆ, ಕೆಲಸದಲ್ಲಿದ್ದವರು ಮತ್ತು ಕೆಲಸ ಹುಡುಕುತ್ತಿದ್ದವರು ಸೇರಿ 2004-05ರಲ್ಲಿ ಸುಮಾರು 43 ಮಂದಿ. 2011-12ರಲ್ಲಿ 31. 2017-18ರಲ್ಲಿ 23. ಆಮೇಲೆ ಏರುತ್ತಾ ಹೋಗಿ 2023-24ರಲ್ಲಿ ಸುಮಾರು 42. ಇವೆಲ್ಲ ಸರ್ಕಾರವೇ ಮನೆಮನೆಗೆ ಹೋಗಿ ಮಾಡಿಸಿದ ಸಮೀಕ್ಷೆಗಳ ಅಂಕಿ.

ಈಗ ಇದರ ಪಕ್ಕದಲ್ಲಿ ದೇಶದ ಆರ್ಥಿಕತೆಯನ್ನು ಇಟ್ಟು ನೋಡಿ. 2004ರಿಂದ 2018ರವರೆಗಿನ ವರ್ಷಗಳಲ್ಲಿ ನಮ್ಮ ಆರ್ಥಿಕತೆ ಎರಡು ಪಟ್ಟಿಗಿಂತ ಜಾಸ್ತಿ ಬೆಳೆಯಿತು. ಅದೇ ಹೊತ್ತಿನಲ್ಲಿ ಕೆಲಸದಲ್ಲಿರುವ ಹೆಂಗಸರ ಪಾಲು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯಿತು. ಕೊರೋನಾ ಬಂದು ಆರ್ಥಿಕತೆ ಕುಸಿದ ವರ್ಷದಲ್ಲಿ ಏನಾಯಿತು? ಹೆಂಗಸರ ಪಾಲು 30ರಿಂದ 32.5ಕ್ಕೆ ಏರಿತು. ದೇಶ ಬೆಳೆದಾಗ ಹೆಂಗಸರ ಕೆಲಸ ಇಳಿಯುತ್ತೆ, ದೇಶ ಕುಸಿದಾಗ ಏರುತ್ತೆ. ನಾವು ಓದಿದ್ದಕ್ಕೆ ಇದು ಪೂರ್ತಿ ಉಲ್ಟಾ ಅಲ್ವಾ?

ಇವತ್ತು ನಾನು ಮಾತಾಡಬೇಕೆಂದಿರುವುದು ಈ ಉಲ್ಟಾ ಲೆಕ್ಕದ ಬಗ್ಗೆ.

ಪಠ್ಯಪುಸ್ತಕದಲ್ಲಿ ಇದಕ್ಕೆ ಒಂದು ಉತ್ತರ ಇದೆ. ಕ್ಲಾಡಿಯಾ ಗೋಲ್ಡಿನ್ ಅವರಿಗೆ 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅಮೆರಿಕದ ಇನ್ನೂರು ವರ್ಷಗಳ ದಾಖಲೆ ಕೆದಕಿ ಅವರು ತೋರಿಸಿದ್ದು ಇದು: ಎಲ್ಲರೂ ಬೇಸಾಯ ಮಾಡುವ ಕಾಲದಲ್ಲಿ ಹೆಂಗಸರೂ ಹೊಲದಲ್ಲಿ, ಕೊಟ್ಟಿಗೆಯಲ್ಲಿ ದುಡಿಯುತ್ತಾರೆ. ಕಾರ್ಖಾನೆ ಬಂದಾಗ ಕೆಲಸ ಮನೆಯಿಂದ ದೂರ ಹೋಗುತ್ತದೆ. ಮದುವೆಯಾದ ಹೆಂಗಸರು ಕೆಲಸದಿಂದ ಹಿಂದೆ ಸರಿಯುತ್ತಾರೆ. ಮುಂದೆ ಹೆಣ್ಣುಮಕ್ಕಳು ಓದಿ, ಆಫೀಸು, ಶಾಲೆ, ಆಸ್ಪತ್ರೆಯ ಕೆಲಸಗಳು ಹೆಚ್ಚಿದಾಗ ಮತ್ತೆ ಬರುತ್ತಾರೆ. ಮೊದಲು ಇಳಿದು ಆಮೇಲೆ ಏರುವ ಗೆರೆ. ಇಂಗ್ಲಿಷಿನ ಯು ಅಕ್ಷರದ ಹಾಗೆ ಕಾಣುತ್ತೆ ಅಂತ ಅದೇ ಹೆಸರು ಬಿದ್ದಿದೆ.

ಗೋಲ್ಡಿನ್ ಅವರ ಕೆಲಸದ ಬಗ್ಗೆ ನನಗೆ ತುಂಬಾ ಗೌರವ. ಆದರೆ ನಮ್ಮಲ್ಲಿ ಆ ಗೆರೆಯನ್ನು ಒಂದು ಭರವಸೆಯ ಹಾಗೆ ಬಳಸುತ್ತಾರೆ. ಈಗ ತಳದಲ್ಲಿದ್ದೇವೆ, ದೇಶ ಇನ್ನೂ ಸ್ವಲ್ಪ ಶ್ರೀಮಂತವಾಗಲಿ, ಎಲ್ಲಾ ತಾನಾಗಿಯೇ ಸರಿಹೋಗುತ್ತೆ, ಅಂತ. ಇದನ್ನು ನಾನು ಒಪ್ಪುವುದಿಲ್ಲ. ಶ್ರೀಲಂಕಾ ನೋಡಿ. ಅಲ್ಲಿನ ಹೆಣ್ಣುಮಕ್ಕಳು ನಮಗಿಂತ ಎಷ್ಟೋ ಮೊದಲೇ ಓದಿದರು, ಅವರ ತಲಾ ಆದಾಯವೂ ನಮಗಿಂತ ಜಾಸ್ತಿ. ಆದರೂ ಕೆಲಸದಲ್ಲಿರುವ ಹೆಂಗಸರ ಪಾಲು ಹತ್ತಾರು ವರ್ಷಗಳಿಂದ ಮೂರರಲ್ಲೊಂದರ ಆಸುಪಾಸಿನಲ್ಲೇ ನಿಂತಿದೆ. ನಮ್ಮ ದೇಶದೊಳಗೇ ನೋಡಿ. ದೆಹಲಿ ಶ್ರೀಮಂತ ಊರು, ಅಲ್ಲಿ ಹೆಂಗಸರ ಪಾಲು ತೀರಾ ಕಮ್ಮಿ. ಹಿಮಾಚಲ ಪ್ರದೇಶದಲ್ಲಿ ದೇಶದಲ್ಲೇ ತುಂಬಾ ಹೆಚ್ಚು. ಬರೀ ಆದಾಯವೇ ಎಲ್ಲವನ್ನೂ ನಿರ್ಧರಿಸುವುದಾದರೆ ಹೀಗಾಗುತ್ತಿರಲಿಲ್ಲ.

ಹಾಗಾದರೆ ಏನು ನಡೆಯುತ್ತಿದೆ? ಅದಕ್ಕೆ ನಿಮ್ಮ ಜಿಲ್ಲೆಯನ್ನೇ ನೋಡೋಣ.

1930ರ ದಶಕದಲ್ಲಿ ಕನ್ನಂಬಾಡಿಯ ನೀರು ನಾಲೆಯಲ್ಲಿ ಹರಿದು ಬಂತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಶುರುವಾಯಿತು. ಬೆಳವಣಿಗೆ ಅಂದರೆ ಏನು ಅಂತ ಈ ಸೀಮೆಯ ಜನ ಕಣ್ಣಾರೆ ಕಂಡಿದ್ದಾರೆ. 1950ರ ದಶಕದಲ್ಲಿ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ಸಂಶೋಧಕಿ ಮಂಡ್ಯದ ಹತ್ತಿರದ ಎರಡು ಹಳ್ಳಿಗಳಲ್ಲಿ ಇದ್ದು ಅಧ್ಯಯನ ಮಾಡಿದರು. ಒಂದು ಹಳ್ಳಿಗೆ ನಾಲೆ ನೀರು ಸಿಕ್ಕಿತ್ತು, ಇನ್ನೊಂದಕ್ಕೆ ಸಿಕ್ಕಿರಲಿಲ್ಲ. ನೀರು ಸಿಕ್ಕ ಹಳ್ಳಿ ಬೇಸಾಯದಲ್ಲೇ ಚೆನ್ನಾಗಿ ಬೆಳೆಯಿತು. ನೀರು ಸಿಗದ ಹಳ್ಳಿಯವರು ಮಂಡ್ಯ ಪೇಟೆಯ ಕಡೆ ತಿರುಗಿದರು. ಕಾರ್ಖಾನೆ ಕೆಲಸ, ವ್ಯಾಪಾರ, ಹೊಸ ಹೊಸ ಕಸುಬು ಹಿಡಿದರು. ಎಪ್‌ಸ್ಟೈನ್ ಅವರ ಆ ಕೆಲಸ ಅರ್ಥಶಾಸ್ತ್ರದಲ್ಲೂ ಮಾನವಶಾಸ್ತ್ರದಲ್ಲೂ ದೊಡ್ಡ ಹೆಸರು ಮಾಡಿತು. ಅದರಲ್ಲಿ ನಾನು ನಿಮಗೆ ತೋರಿಸಬೇಕೆಂದಿರುವುದು ಒಂದೇ ವಿಷಯ. ಊರಿಂದ ಹೊರಗೆ ಕೆಲಸಕ್ಕೆ ಹೋದವರು ಗಂಡಸರು. ಜನ ಬೇಸಾಯ ಬಿಟ್ಟು ಕಾರ್ಖಾನೆ, ಪೇಟೆ ಕೆಲಸಗಳಿಗೆ ಹೋಗುವುದನ್ನು ರಚನಾತ್ಮಕ ಬದಲಾವಣೆ ಅಂತ ನಾವು ಓದುತ್ತೇವಲ್ಲ, ಆ ಬದಲಾವಣೆಗೆ ಮೊದಲು ಸೈಕಲ್ ಹತ್ತಿ ಹೊರಟವನು ಗಂಡು.

ಊರಲ್ಲೇ ಉಳಿದ ಕೆಲಸ ಏನಾಯಿತು? ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಯಾಕೆಂದರೆ ಇದು ಬರೀ ಅಂಕಿ ನೋಡಿದರೆ ಕಾಣುವುದಿಲ್ಲ.

ಬೇಸಾಯದಲ್ಲಿ ಯಾವುದು ಹೆಂಗಸರ ಕೆಲಸ, ಯಾವುದು ಗಂಡಸರ ಕೆಲಸ ಅಂತ ನಿಮ್ಮಲ್ಲಿ ತುಂಬಾ ಜನಕ್ಕೆ ಗೊತ್ತು. ಉಳುವುದು, ಬದು ಕಡಿಯುವುದು, ನೀರು ಕಟ್ಟುವುದು ಗಂಡಸರದು. ಪೈರು ಕೀಳುವುದು, ನಾಟಿ ಹಾಕುವುದು, ಕಳೆ ಕೀಳುವುದು, ಮೊರ ಹಿಡಿದು ಕೇರುವುದು ಹೆಂಗಸರದು. ಕುಯ್ಲಿನಲ್ಲಿ ಇಬ್ಬರೂ. ಹಿಂದೆ ಒರಳಲ್ಲಿ ಭತ್ತ ಕುಟ್ಟುವುದೂ ಹೆಂಗಸರದ್ದೇ. ಅದು ಬಡ ಹೆಂಗಸರಿಗೆ ಕೂಲಿಯೂ ಆಗಿತ್ತು. ಕುಟ್ಟಿಕೊಟ್ಟರೆ ಒಂದಿಷ್ಟು ಅಕ್ಕಿ, ನುಚ್ಚು, ತೌಡು ಸಿಗುತ್ತಿತ್ತು. ರೈಸ್ ಮಿಲ್ಲು ಬಂತು, ಒನಕೆ ಮೂಲೆ ಸೇರಿತು. ಮಿಲ್ಲಿನ ಮಷಿನ್ ಹತ್ತಿರ ಯಾರು ನಿಂತರು? ಗಂಡಸು.

ಇದು ಒಂದು ಸಲ ಆಗಿ ಮುಗಿದದ್ದಲ್ಲ. ಹೊಸ ಹೊಸ ವೇಷದಲ್ಲಿ ಮತ್ತೆ ಮತ್ತೆ ನಡೆದಿದೆ. ಕಳೆ ಕೀಳುವ ಕೆಲಸವನ್ನೇ ನೋಡಿ. ನಾಲ್ಕಾರು ಹೆಂಗಸರು ಬೆಳಿಗ್ಗೆ ಸೀರೆ ಎತ್ತಿ ಕಟ್ಟಿ ಗದ್ದೆಗೆ ಇಳಿದರೆ ಸಂಜೆವರೆಗೂ ಬಗ್ಗಿಯೇ ಇರಬೇಕು. ಸೊಂಟ ಬಿದ್ದುಹೋಗುತ್ತೆ, ಬೆರಳ ಸಂದಿ ಕೊಳೆಯುತ್ತೆ. ಈಗ ಕಳೆ ಔಷಧಿ ಬಂದಿದೆ. ಒಬ್ಬ ಗಂಡಸು ಬೆನ್ನಿಗೆ ಡ್ರಮ್ಮು ಕಟ್ಟಿಕೊಂಡು ಅರ್ಧ ದಿನದಲ್ಲಿ ಹೊಡೆದು ಮುಗಿಸುತ್ತಾನೆ. ಕೆಲಸ ಮಾಡುವವರು ಆರು ಮಂದಿಯಿಂದ ಒಬ್ಬರಿಗೆ ಇಳಿಯಿತು, ಹೆಣ್ಣಿನಿಂದ ಗಂಡಿಗೆ ಹೋಯಿತು. ಅವನ ಕೂಲಿ ಆಕೆಯ ಕೂಲಿಗಿಂತ ಜಾಸ್ತಿ. ಭತ್ತದ ಕುಯ್ಲೂ ಹಾಗೇ. ಹತ್ತು ಹನ್ನೆರಡು ಆಳು ದಿನವಿಡೀ ಕೊಯ್ಯುತ್ತಿದ್ದ ಎಕರೆಯನ್ನು ಮಷಿನ್ ಒಂದೆರಡು ಗಂಟೆಯಲ್ಲಿ ಕೊಯ್ದು, ಬಡಿದು, ಕಾಳು ಬೇರೆ ಮಾಡಿ ಸುರಿಯುತ್ತೆ. ಮಷಿನ್ ಮೇಲೆ ಕೂತ ಡ್ರೈವರ್ ಹೆಂಗಸಾಗಿದ್ದನ್ನು ನಿಮ್ಮಲ್ಲಿ ಯಾರಾದರೂ ನೋಡಿದ್ದೀರಾ?

ಕಳೆ ಕೀಳುವ ಕೆಲಸ ಹೋಯಿತಲ್ಲ ಅಂತ ನಾನು ಅಳುತ್ತಿಲ್ಲ. ಆ ಕೆಲಸದ ನೋವು ಗೊತ್ತಿರುವ ಯಾರೂ ಅಳುವುದಿಲ್ಲ. ನನ್ನ ತಕರಾರು ಬೇರೆ. ಗಂಡಸಿನ ಹಳೇ ಕೆಲಸ ಹೋದಾಗ ಅವನು ಟ್ರಾಕ್ಟರ್ ಕಲಿತ, ಆಟೋ ಓಡಿಸಿದ, ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದ. ಹೆಣ್ಣಿನ ಹಳೇ ಕೆಲಸ ಹೋದಾಗ ಆಕೆಗೆ ಹೊಸದು ಬರಲಿಲ್ಲ. ಬಂದರೂ ಅದು ಆಕೆ ಹೋಗಿಬರಲಾಗದಷ್ಟು ದೂರದಲ್ಲಿತ್ತು, ಆಕೆಗೆ ಹೊಂದದ ಹೊತ್ತಿನಲ್ಲಿತ್ತು. ನಾನು ಇವತ್ತು ಹೇಳಬೇಕೆಂದಿರುವ ಮುಖ್ಯ ಮಾತು ಇದೇ. ಬೆಳವಣಿಗೆ ಹೆಣ್ಣಿನ ಕೆಲಸವನ್ನು ಬೇಗ ಕಿತ್ತುಕೊಳ್ಳುತ್ತೆ. ಅದರ ಬದಲಿಗೆ ಇನ್ನೊಂದನ್ನು ಆಕೆಯ ಕೈಗೆ ಎಟುಕುವ ಹಾಗೆ ಇಡಬೇಕಾದರೆ ಯಾರಾದರೂ ಮನಸ್ಸು ಮಾಡಿ ಇಡಬೇಕು. ತಾನಾಗಿಯೇ ಆಗುವುದಿಲ್ಲ.

ಮರ್ಯಾದೆಯ ಮಾತೂ ಇದರಲ್ಲಿ ಸೇರಿದೆ. ಗಂಡಸಿನ ಸಂಪಾದನೆ ಸ್ವಲ್ಪ ಹೆಚ್ಚಿದ ಕೂಡಲೇ "ನಮ್ಮನೆ ಹೆಣ್ಣುಮಕ್ಕಳು ಕೂಲಿಗೆ ಹೋಗಲ್ಲ" ಅಂತ ಹೇಳುವುದು ನಮ್ಮಲ್ಲಿ ದೊಡ್ಡಸ್ತಿಕೆ. ಜಮೀನಿದ್ದ ಜಾತಿಗಳಲ್ಲಿ ಇದು ಮೊದಲಿಂದ ಇತ್ತು. ಆಮೇಲೆ ಉಳಿದವರಿಗೂ ಹರಡಿತು. ಜಮೀನಿಲ್ಲದ ದಲಿತ ಹೆಂಗಸರಿಗೆ ಮಾತ್ರ ಈ ಆಯ್ಕೆ ಯಾವತ್ತೂ ಇರಲಿಲ್ಲ. ಅವರು ಎಂದಿನಿಂದಲೂ ದುಡಿಯುತ್ತಾ ಬಂದವರು. ಕೂಲಿ ಕೆಲಸದಲ್ಲಿ ಗೌರವವೂ ಇಲ್ಲ, ದುಡ್ಡೂ ಇಲ್ಲ ಎಂದಾದಾಗ ಅದನ್ನು ಬಿಡುವುದೇ ಏಳಿಗೆ ಅಂತ ಅನ್ನಿಸುವುದು ಸಹಜ. ಇದನ್ನು ನಾನು ತಪ್ಪು ಅನ್ನಲಾರೆ. ಹುಡುಗಿಯರು ಕೂಲಿ ಬಿಟ್ಟು ಶಾಲೆಗೆ ಹೋದರು, ಅದಂತೂ ನಿಜಕ್ಕೂ ಒಳ್ಳೆಯದಾಯಿತು. 43ರಿಂದ ಇಳಿದ ಅಂಕಿಯಲ್ಲಿ ಅದರ ಪಾಲೂ ಇದೆ. ಆದರೆ ಓದು ಮುಗಿಸಿದ ಹುಡುಗಿಗೆ ಮುಂದೆ ಏನು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ.

ಈಗ ನನಗೆ ತುಂಬಾ ಮುಖ್ಯ ಅನ್ನಿಸುವ ಅಂಕಿಗೆ ಬರುತ್ತೇನೆ. 2023-24ರಲ್ಲಿ ದುಡಿಯುವ ನೂರು ಗಂಡಸರಲ್ಲಿ 36 ಮಂದಿ ಬೇಸಾಯದಲ್ಲಿದ್ದರು. ದುಡಿಯುವ ನೂರು ಹೆಂಗಸರಲ್ಲಿ 64. ಇನ್ನೂ ಗಮನಿಸಬೇಕಾದ ವಿಷಯ, 2017-18ರಲ್ಲಿ ಈ 64 ಬರೀ 57 ಇತ್ತು. ದೇಶ ಮುಂದೆ ಹೋದಂತೆ ಜನ ಬೇಸಾಯ ಬಿಟ್ಟು ಹೊರಗೆ ಹೋಗಬೇಕು ಅಂತ ನಾವು ಓದಿದ್ದೇವೆ. ಹೆಂಗಸರ ವಿಷಯದಲ್ಲಿ ಇದು ಹಿಂದಕ್ಕೆ ನಡೆದಿದೆ. ದೇಶದ ಒಟ್ಟು ಉತ್ಪನ್ನದಲ್ಲಿ ಬೇಸಾಯದ ಪಾಲು ಐದರಲ್ಲೊಂದಕ್ಕಿಂತ ಕಮ್ಮಿ. ಅಂದರೆ ಎಲ್ಲಿ ದುಡ್ಡು ಕಮ್ಮಿ ಹುಟ್ಟುತ್ತದೋ ಅಲ್ಲೇ ಹೆಂಗಸರು ಜಾಸ್ತಿ ಸೇರಿದ್ದಾರೆ.

ಹಾಗಾದರೆ 23ರಿಂದ 42ಕ್ಕೆ ಏರಿದ್ದು ಏನು? ಸಂಬಳದ ಕೆಲಸ ಸಿಕ್ಕಿ ಏರಿದ್ದಾ? ಬಹುಪಾಲು ಅಲ್ಲ. ದುಡಿಯುವ ಹೆಂಗಸರಲ್ಲಿ ತಿಂಗಳ ಸಂಬಳ ಪಡೆಯುವವರ ಪಾಲು 2017-18ರಲ್ಲಿ ನೂರಕ್ಕೆ 21 ಇದ್ದದ್ದು 16ರ ಆಸುಪಾಸಿಗೆ ಇಳಿದಿದೆ. ಸ್ವಂತ ದುಡಿಮೆ ಎಂಬ ಗುಂಪು 52ರಿಂದ 67ಕ್ಕೆ ಏರಿದೆ. ಆ ಗುಂಪಿನ ಒಳಗೇ ಇನ್ನೊಂದು ಗುಂಪಿದೆ. ಮನೆಯ ಹೊಲದಲ್ಲಿ, ಮನೆಯ ಅಂಗಡಿಯಲ್ಲಿ ಸಂಬಳವಿಲ್ಲದೆ ಕೈಜೋಡಿಸುವವರು. ದುಡಿಯುವ ಹೆಂಗಸರಲ್ಲಿ ನೂರಕ್ಕೆ 37 ಮಂದಿ ಇಂಥವರು. ಗಂಡಸರಲ್ಲಿ ಸುಮಾರು ಹತ್ತರಲ್ಲೊಬ್ಬರು. ಗಂಡ, ಮಗ ಪೇಟೆಗೆ ಹೋದ ಮೇಲೆ ಹೊಲ, ಹಸು ಎರಡೂ ಆಕೆಯ ತಲೆ ಮೇಲೆ ಬಿತ್ತು. ಪಹಣಿಯಲ್ಲಿ ಹೆಸರು ಮಾತ್ರ ಇನ್ನೂ ಅವನದೇ.

ಎಣಿಕೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ಸಮೀಕ್ಷೆ ಮಾಡುವವರ ಹತ್ತಿರ ಒಂದು ಪಟ್ಟಿ ಇರುತ್ತದೆ. ಮನೆಯ ಪ್ರತಿಯೊಬ್ಬರಿಗೂ ಒಂದು ನಂಬರ್ ಹಾಕುತ್ತಾರೆ. 21 ಅಂದರೆ ಮನೆಯ ಉದ್ಯೋಗದಲ್ಲಿ ಸಂಬಳವಿಲ್ಲದ ಸಹಾಯಕಿ. ಆಕೆ ದುಡಿಯುವವಳು. 92 ಅಂದರೆ ಬರೀ ಮನೆಗೆಲಸ. 93 ಅಂದರೆ ಮನೆಗೆಲಸದ ಜೊತೆಗೆ ಸೌದೆ, ಸೊಪ್ಪು, ಹಸುವಿನ ಮೇವು ತರುವುದು, ಮನೆ ಬಳಕೆಗೆ ಹೊಲಿಯುವುದು ಇಂಥವೂ ಸೇರಿ. 92, 93 ಇಬ್ಬರೂ ಲೆಕ್ಕದಲ್ಲಿ ದುಡಿಯುವವರಲ್ಲ. ಈಗ ಯೋಚನೆ ಮಾಡಿ. ಬೆಳಿಗ್ಗೆ ಎದ್ದು ಸಗಣಿ ಬಾಚಿ, ಹುಲ್ಲು ಕೊಯ್ದು ತಂದು, ಎರಡು ಹಸು ಕರೆದು, ಡೈರಿಗೆ ಹಾಲು ಹಾಕಿ ಬಂದ ಹೆಂಗಸನ್ನು "ಏನು ಕೆಲಸ ಮಾಡ್ತೀಯಮ್ಮಾ?" ಅಂತ ಕೇಳಿದರೆ ಏನನ್ನುತ್ತಾರೆ? "ಏನಿಲ್ಲ ಕಣಣ್ಣ, ಮನೇಲೇ ಇವ್ನಿ" ಅನ್ನುತ್ತಾರೆ. ಹಾಲಿನ ಪಾಸ್‌ಬುಕ್ಕು ಗಂಡನ ಹೆಸರಲ್ಲಿದ್ದರಂತೂ ಮುಗಿದೇ ಹೋಯಿತು. ಕೇಳಿದವರು ಇನ್ನೆರಡು ಪ್ರಶ್ನೆ ಹೆಚ್ಚಿಗೆ ಕೇಳಿದರೆ ಆಕೆ 21 ಆಗುತ್ತಾಳೆ, ಕೇಳದಿದ್ದರೆ 93 ಆಗಿ ಉಳಿಯುತ್ತಾಳೆ. ಆಕೆಯ ದಿನದಲ್ಲಿ ಏನೂ ಬದಲಾಗಿರುವುದಿಲ್ಲ. ಹಾಗಾಗಿ ಈಚಿನ ಏರಿಕೆಯಲ್ಲಿ ಎಷ್ಟು ಹೊಸ ಕೆಲಸ, ಎಷ್ಟು ಸರಿಯಾದ ಎಣಿಕೆ ಅಂತ ಅರ್ಥಶಾಸ್ತ್ರಜ್ಞರಲ್ಲಿ ಜಗಳ ನಡೆಯುತ್ತಿದೆ.

ಈ ಎಣಿಕೆಯ ಜಗಳವನ್ನು ನಮ್ಮ ದೇಶದಲ್ಲಿ ಮೊದಮೊದಲು ಎತ್ತಿದವರಲ್ಲಿ ಒಬ್ಬರು ಮೈಸೂರಲ್ಲಿ ಹುಟ್ಟಿದ ದೇವಕಿ ಜೈನ್. 1970ರ ದಶಕದಲ್ಲೇ ರಾಜಸ್ಥಾನ ಮತ್ತು ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಹೆಂಗಸರ ದಿನವನ್ನು ಗಂಟೆ ಗಂಟೆಗೆ ಬರೆಸಿಕೊಂಡು, ಸರ್ಕಾರದ ಲೆಕ್ಕಕ್ಕೆ ಎಷ್ಟು ದುಡಿಮೆ ಬೀಳುತ್ತಿಲ್ಲ ಅಂತ ತೋರಿಸಿದರು. ಈಗ ಸರ್ಕಾರವೇ ಅಂಥ ಸಮೀಕ್ಷೆ ಮಾಡಿಸುತ್ತದೆ. ಬೆಳಗಿನ ಜಾವ 4 ಗಂಟೆಯಿಂದ ಶುರು ಮಾಡಿ ಅರ್ಧರ್ಧ ಗಂಟೆಗೆ ಏನು ಮಾಡಿದಿರಿ ಅಂತ ಕೇಳುತ್ತಾರೆ. 2024ರ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಗಂಡಸರು 88 ನಿಮಿಷ, ಅದೂ ಮನೆಗೆಲಸ ಮಾಡುವ ಗಂಡಸರನ್ನು ಮಾತ್ರ ತೆಗೆದುಕೊಂಡರೆ. ಹೆಚ್ಚುಕಮ್ಮಿ ಐದು ಗಂಟೆ ಹೀಗೆ ಹೋದ ಮೇಲೆ ಉಳಿದ ಹೊತ್ತಿನಲ್ಲೇ ಆಕೆಯ ಸಂಪಾದನೆ ನಡೆಯಬೇಕು.

ಇನ್ನು ಕಾರ್ಖಾನೆಗೆ ಬರೋಣ. ಕರ್ನಾಟಕದಲ್ಲಿ ಹೆಂಗಸರನ್ನು ಲಕ್ಷಗಟ್ಟಲೆ ಸಂಬಳದ ಕೆಲಸಕ್ಕೆ ತಂದದ್ದು ಗಾರ್ಮೆಂಟ್ಸ್. ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿಯಿಂದ ಶುರುವಾಗಿ ಈಗ ರಾಮನಗರ, ಮದ್ದೂರು, ಶ್ರೀರಂಗಪಟ್ಟಣದವರೆಗೂ ಬಂದಿದೆ. ನಿಮ್ಮ ಊರಿನ ಸರ್ಕಲ್ಲಿನಲ್ಲಿ ಬೆಳಿಗ್ಗೆ ಟಿಫನ್ ಬಾಕ್ಸ್ ಹಿಡಿದು ಗಾರ್ಮೆಂಟ್ಸ್ ವ್ಯಾನಿಗೆ ಕಾಯುವವರನ್ನು ದಿನಾ ನೋಡುತ್ತೀರಿ. ಒಳಗೆ ಮಷಿನ್‌ಗಳು ಸಾಲಾಗಿ ಇರುತ್ತವೆ. ಒಂದು ಸಾಲಿಗೆ ಬ್ಯಾಚ್ ಅನ್ನುತ್ತಾರೆ. ಒಬ್ಬಳು ಕಾಲರ್, ಒಬ್ಬಳು ಕಫ್, ಇನ್ನೊಬ್ಬಳು ತೋಳು ಕೂರಿಸುವುದು. ಒಂದೇ ಹೊಲಿಗೆ ದಿನವಿಡೀ. ಗಂಟೆಗೆ ಎಷ್ಟು ಪೀಸು ಅಂತ ಬೋರ್ಡಿನ ಮೇಲೆ ಬರೆಯುತ್ತಾರೆ. ಪ್ರೊಡಕ್ಷನ್ ಕಮ್ಮಿಯಾದರೆ ಬೈಗುಳ ಬೀಳುತ್ತೆ, ಬಾತ್‌ರೂಮಿಗೆ ಎದ್ದುಹೋಗಲೂ ಹೆದರಬೇಕಾಗುತ್ತೆ. ಹೊಲಿಯುವವರು ಹೆಂಗಸರು. ಕಟಿಂಗ್ ಮಾಸ್ಟರ್, ಮೆಕ್ಯಾನಿಕ್, ಮೇಲಿನ ಮ್ಯಾನೇಜರ್ ಹೆಚ್ಚಾಗಿ ಗಂಡಸರು.

ಇಷ್ಟೆಲ್ಲ ಇದ್ದರೂ ಈ ಕೆಲಸ ಬೇಡ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ತಿಂಗಳಿಗೊಮ್ಮೆ ಆಕೆಯ ಹೆಸರಿನ ಅಕೌಂಟಿಗೆ ದುಡ್ಡು ಬೀಳುತ್ತೆ. ಕೂಲಿಗೆ ಹೋದರೆ ಕಾಯಿಲೆಗೆ ಆಗುವ ಇಎಸ್‌ಐ ಇಲ್ಲ, ಮುಂದಕ್ಕೆ ಕೂಡಿಡುವ ಪಿಎಫ್ ಇಲ್ಲ. ಮನೆಯಲ್ಲಿ ಕೂತು ಬೀಡಿ ಕಟ್ಟುವ ದಕ್ಷಿಣ ಕನ್ನಡದ ಹೆಂಗಸರಿಗೆ ಲೆಕ್ಕ ಸಾವಿರ ಬೀಡಿಗೆ ಇಷ್ಟು ಅಂತ. ಬೆನ್ನು ನೋವು, ಹೊಗೆಸೊಪ್ಪಿನ ಧೂಳು ಅವರ ಪಾಲಿಗೆ. ಆದರೆ ಅವರಿಗೂ ಕಾನೂನು ಬಂತು, 1966ರಲ್ಲೇ. ಬೀಡಿ ಕಟ್ಟುವವರು ಹೋರಾಡಿ ಪಿಎಫ್ ಪಡೆದವರು. ಸಂಘಟನೆ ಇದ್ದ ಕಡೆ ಕೆಲಸದ ಬೆಲೆ ಹೆಚ್ಚುತ್ತದೆ.

ಪಿಎಫ್ ಅಂದಾಗ 2016ರ ಏಪ್ರಿಲ್ ನೆನಪಿಗೆ ಬರುತ್ತದೆ. ಕೆಲಸ ಬಿಟ್ಟವರು ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷ ಆಗುವವರೆಗೂ ತೆಗೆಯುವಂತಿಲ್ಲ ಅಂತ ಕೇಂದ್ರ ಸರ್ಕಾರ ಹೊಸ ನಿಯಮ ತಂದಿತ್ತು. ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಫ್ಯಾಕ್ಟರಿಗಳಿಂದ ರಸ್ತೆಗೆ ಇಳಿದರು. ಹೊಸೂರು ರಸ್ತೆ, ತುಮಕೂರು ರಸ್ತೆ ನಿಂತುಹೋದವು. ದೊಡ್ಡ ನಾಯಕರು ಯಾರೂ ಕರೆ ಕೊಟ್ಟಿರಲಿಲ್ಲ. ಎರಡೇ ದಿನಕ್ಕೆ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು. ಪತ್ರಿಕೆಗಳು ಇದನ್ನು ಪಿಎಫ್ ಗಲಾಟೆ ಅಂತ ಬರೆದವು. ಅದರ ಒಳಗಿನ ವಿಷಯ ನೋಡಿ. ನಿಯಮ ಬರೆದವರ ತಲೆಯಲ್ಲಿದ್ದದ್ದು 58ರವರೆಗೂ ಕೆಲಸ ಮಾಡಿ ರಿಟೈರ್ ಆಗುವ ನೌಕರ. ಬ್ಯಾಚಿನಲ್ಲಿ 58ರ ಹೆಂಗಸು ಎಲ್ಲಿ ಕಾಣುತ್ತಾಳೆ? ಕಣ್ಣು ಮಂಜಾಗುತ್ತೆ, ಸೊಂಟ ಹೋಗುತ್ತೆ, ಮಗಳ ಬಾಣಂತನ ಬರುತ್ತೆ. ಐದಾರು ವರ್ಷ ದುಡಿದು, ಕೆಲಸ ಬಿಟ್ಟು, ಪಿಎಫ್ ತೆಗೆದು, ಮಗನ ಫೀಸು ಕಟ್ಟಿ ಅಥವಾ ಸಾಲ ತೀರಿಸಿ, ಮತ್ತೆ ಇನ್ನೊಂದು ಫ್ಯಾಕ್ಟರಿಗೆ ಹೊಸಬಳಾಗಿ ಸೇರುವುದು ಆಕೆಯ ದಾರಿ. ಆಕೆಗೆ ಕೆಲಸ ಸಿಕ್ಕಿದೆ, ಆದರೆ ಇಡೀ ಆಯುಸ್ಸಿಗೆ ಆಗುವ ಕೆಲಸ ಸಿಕ್ಕಿಲ್ಲ. ಹೆಂಗಸರ ಉದ್ಯೋಗದ ಬಗ್ಗೆ ಮಾತಾಡುವಾಗ ಈ ವ್ಯತ್ಯಾಸವನ್ನು ನಾವು ಮರೆಯಬಾರದು.

ಬಾಂಗ್ಲಾದೇಶದಲ್ಲಿ ಗಾರ್ಮೆಂಟ್ಸ್ ಸುಮಾರು 40 ಲಕ್ಷ ಜನಕ್ಕೆ ಕೆಲಸ ಕೊಟ್ಟಿದೆ, ಬಹುಪಾಲು ಹೆಂಗಸರಿಗೆ. ಹೆಂಗಸರು ಮನೆಯಿಂದ ಹೊರಗೆ ದುಡಿಯುವುದೇ ಅಪರೂಪವಾಗಿದ್ದ ದೇಶದಲ್ಲಿ ಇದು ಸಣ್ಣ ಮಾತಲ್ಲ. ಅದೇ ದೇಶದಲ್ಲಿ 2013ರಲ್ಲಿ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಮಂದಿ ಸತ್ತರು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು. ಆದರೂ ಅವರನ್ನು ಒಳಗೆ ಕಳಿಸಿದರು. ದಕ್ಷಿಣ ಕೊರಿಯಾದಲ್ಲೂ ರಫ್ತಿನ ಬೆಳವಣಿಗೆ ಶುರುವಾದದ್ದು ಬಟ್ಟೆ, ಎಲೆಕ್ಟ್ರಾನಿಕ್ಸ್ ಫ್ಯಾಕ್ಟರಿಗಳ ಹುಡುಗಿಯರಿಂದ. ಅವರಲ್ಲಿ ತುಂಬಾ ಜನ ಮದುವೆಯಾದ ಕೂಡಲೇ ಕೆಲಸ ಬಿಟ್ಟರು. ಈಗ ನಮ್ಮ ನರಸಾಪುರದಲ್ಲಿ, ದೇವನಹಳ್ಳಿಯಲ್ಲಿ ಫೋನ್ ಜೋಡಿಸುವ ದೊಡ್ಡ ಕಾರ್ಖಾನೆಗಳಿಗೆ ಸಾವಿರಾರು ಹುಡುಗಿಯರು ಸೇರುತ್ತಿದ್ದಾರೆ. ನನಗೆ ಇದರಿಂದ ಖುಷಿ ಇದೆ. ಜೊತೆಗೆ ಕೇಳಬೇಕಾದ ಪ್ರಶ್ನೆಯೂ ಇದೆ. ಇಪ್ಪತ್ತೆರಡು ವರ್ಷದ ಹುಡುಗಿಗೆ ಹಾಸ್ಟೆಲ್ ಕಟ್ಟಿದ್ದೀರಿ, ಸರಿ. ಮೂವತ್ತು ವರ್ಷದ, ಮಗು ಇರುವ ಹೆಂಗಸಿಗೆ ಅಲ್ಲಿ ಏನಿದೆ?

ಐಟಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿ ಮೂರರಲ್ಲಿ ಒಬ್ಬರಿಗಿಂತ ತುಸು ಜಾಸ್ತಿ ಹೆಂಗಸರಿದ್ದಾರೆ. ಒಳ್ಳೆಯ ಸಂಬಳವೂ ಇದೆ. ಆದರೆ ಒಟ್ಟು ದುಡಿಯುವ ಹೆಂಗಸರ ಲೆಕ್ಕದಲ್ಲಿ ಅದು ತೀರಾ ಸಣ್ಣ ಪಾಲು. ಹಳ್ಳಿಯಲ್ಲಿ ಸೇವಾ ವಲಯ ಅಂದರೆ ಹೆಂಗಸರ ಮಟ್ಟಿಗೆ ಅಂಗನವಾಡಿ, ಆಶಾ, ಬಿಸಿಯೂಟ. ಅಂಗನವಾಡಿ ಯೋಜನೆ 1975ರಲ್ಲಿ ದೇಶದ 33 ಕಡೆ ಶುರುವಾಯಿತು. ಅದರಲ್ಲಿ ನಿಮ್ಮ ಪಕ್ಕದ ತಿ. ನರಸೀಪುರವೂ ಒಂದು. ಐವತ್ತು ವರ್ಷವಾದರೂ ಆ ಕಾರ್ಯಕರ್ತೆಯರಿಗೆ ಸಿಗುವುದು ಗೌರವಧನ, ಸಂಬಳ ಅಲ್ಲ. 2025ರ ಜನವರಿಯ ಚಳಿಯಲ್ಲಿ ಆಶಾ ಕಾರ್ಯಕರ್ತೆಯರು ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತು ಕೇಳಿದ್ದು ತಿಂಗಳಿಗೆ 15 ಸಾವಿರ. ಸರ್ಕಾರ 10 ಸಾವಿರದ ಭರವಸೆ ಕೊಟ್ಟಿತು. ಸರ್ಕಾರವೇ ಹೆಣ್ಣಿನ ದುಡಿಮೆಗೆ ಸೇವೆ ಅಂತ ಹೆಸರಿಟ್ಟು ಕಮ್ಮಿ ದುಡ್ಡು ಕೊಟ್ಟರೆ ಖಾಸಗಿಯವರಿಗೆ ಯಾವ ಬಾಯಲ್ಲಿ ಹೇಳುವುದು?

ಹಾಗಾದರೆ ಏನು ಮಾಡಬಹುದು? ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮೊದಲು ಬರುವುದು ದೂರ ಮತ್ತು ಹೊತ್ತು.

ದೂರದ ಮಾತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. 2025ರ ಜುಲೈ ಹೊತ್ತಿಗೆ 500 ಕೋಟಿ ಪ್ರಯಾಣ ದಾಟಿತು. ಇದನ್ನು ಧರ್ಮಸ್ಥಳ, ಶೃಂಗೇರಿ ಯಾತ್ರೆಯ ಯೋಜನೆ ಅಂತ ಹಗುರ ಮಾಡುವವರಿದ್ದಾರೆ. ಬೆಂಗಳೂರಿನಲ್ಲಿ ಆಗ ತಿಂಗಳ ಬಸ್ ಪಾಸಿಗೆ 1,050 ರೂಪಾಯಿ ಇತ್ತು. ಗಾರ್ಮೆಂಟ್ಸ್ ಸಂಬಳದಲ್ಲಿ ಅದು ಸಣ್ಣ ದುಡ್ಡಲ್ಲ. ಹತ್ತಿರದ ಫ್ಯಾಕ್ಟರಿಗೆ ನಡೆದೇ ಹೋಗುತ್ತಿದ್ದವಳು ಈಗ ಎರಡು ಬಸ್ ಬದಲಿಸಿ ಇನ್ನೂ ಒಳ್ಳೆ ಸಂಬಳ ಕೊಡುವ ಕಡೆ ಹೋಗಬಹುದು. ಹೋಗಬಲ್ಲ ದೂರ ಹೆಚ್ಚಾದರೆ ಚೌಕಾಸಿ ಮಾಡುವ ಶಕ್ತಿಯೂ ಹೆಚ್ಚುತ್ತದೆ. ಬಸ್ಸೇ ಬರದ ಊರಿಗೆ ಉಚಿತ ಟಿಕೆಟ್ಟಿನಿಂದ ಉಪಯೋಗವಿಲ್ಲ ಎನ್ನುವುದೂ ಅಷ್ಟೇ ನಿಜ.

ಹೊತ್ತಿನ ಮಾತು. ವ್ಯಾನ್ ಹತ್ತುವ ಹೆಂಗಸು ಏಳೂವರೆಗೆ ಮನೆ ಬಿಟ್ಟರೆ ತಿರುಗಿ ಬರುವುದು ಏಳು ಗಂಟೆಗೆ. ಅಂಗನವಾಡಿ ತೆರೆಯುವುದು ಒಂಬತ್ತೂವರೆ ಹೊತ್ತಿಗೆ, ಮುಚ್ಚುವುದು ನಾಲ್ಕರ ಹೊತ್ತಿಗೆ. ಅತ್ತೆಯೋ ಅಮ್ಮನೋ ಇಲ್ಲದ ಮನೆಯಲ್ಲಿ ಮಿಕ್ಕ ಗಂಟೆಗಳಲ್ಲಿ ಮಗು ಯಾರ ಕೈಯಲ್ಲಿ? 30ಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆಯಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು ಅಂತ ಹಳೇ ಫ್ಯಾಕ್ಟರಿ ಕಾಯ್ದೆ ಎಷ್ಟೋ ವರ್ಷದ ಹಿಂದೆಯೇ ಹೇಳಿತ್ತು. ಆದರೆ ಮಗುವನ್ನು ವ್ಯಾನಿನಲ್ಲಿ ಒಂದು ಗಂಟೆ ಕೂರಿಸಿಕೊಂಡು ಹೋಗುವವರು ಯಾರು? ಶಿಶುಪಾಲನೆ ಊರಲ್ಲೇ ಸಿಗಬೇಕು. ನಮ್ಮ ರಾಜ್ಯದ ಕೂಸಿನ ಮನೆ ಯೋಜನೆ ಆ ದಿಕ್ಕಿನದು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳಲು ಶುರು ಮಾಡಿದ್ದು. ಅದನ್ನು ಗಾರ್ಮೆಂಟ್ಸ್ ತಾಯಂದಿರಿಗೂ ತೆರೆದು, ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ ನಡೆಸಿದರೆ, ಹತ್ತು ಉದ್ಯಮ ಸಮಾವೇಶಗಳಿಗಿಂತ ಜಾಸ್ತಿ ಹೆಂಗಸರು ಕೆಲಸಕ್ಕೆ ಬರುತ್ತಾರೆ ಅಂತ ನನ್ನ ನಂಬಿಕೆ. ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸವೂ ಆ ಊರಿನ ಹೆಂಗಸರಿಗೇ ಸಿಗುತ್ತದೆ. ಅವರಿಗೆ ಮಾತ್ರ ಸರಿಯಾದ ಸಂಬಳ ಕೊಡಬೇಕು.

ಇಲ್ಲಿಗೆ ನನ್ನ ಮಾತು ನಿಲ್ಲಿಸಿ ಪ್ರಶ್ನೆಗಳನ್ನು ತೆಗೆದುಕೊಂಡೆ.

ಹಿಂದಿನ ಸಾಲಿನ ಒಬ್ಬ ಹುಡುಗ ಕೇಳಿದ: "ಮೇಡಂ, ಗೃಹಲಕ್ಷ್ಮಿ ದುಡ್ಡು ಬಂದ್ಮೇಲೆ ಹೆಂಗಸ್ರು ಕೂಲಿಗೆ ಬರ್ತಿಲ್ಲ ಅಂತ ನಮ್ಮಪ್ಪ ಹೇಳ್ತಾರೆ. ನಿಜಾನಾ?"

ಒಳ್ಳೆಯ ಪ್ರಶ್ನೆ, ಧೈರ್ಯವಾಗಿ ಕೇಳಿದೆಯಪ್ಪಾ. ಕೂಲಿಗೆ ಆಳು ಸಿಗುತ್ತಿಲ್ಲ ಎಂಬ ಮಾತು 2023ರದ್ದಲ್ಲ. ನರೇಗಾ ಬಂದಾಗಲೂ ಇದೇ ಮಾತು ಬಂದಿತ್ತು. ಅಲ್ಲಿ ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ ಇತ್ತು, ಕೆಲಸಕ್ಕೆ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರೇ ಇದ್ದರು. ಕೆಲಸ ಮಾಡಲು ಮನಸ್ಸಿಲ್ಲದವರು ಬಿಸಿಲಲ್ಲಿ ಕೆರೆ ಹೂಳು ಎತ್ತುತ್ತಾರಾ? ಗೃಹಲಕ್ಷ್ಮಿಯ ಎರಡು ಸಾವಿರವನ್ನು ಮೂವತ್ತು ದಿನಕ್ಕೆ ಹಂಚಿದರೆ ದಿನಕ್ಕೆ 66 ರೂಪಾಯಿ ಚಿಲ್ಲರೆ. ಅಷ್ಟು ದುಡ್ಡು ಕೈಯಲ್ಲಿದೆ ಅಂತ ಒಬ್ಬ ಹೆಂಗಸು ಜ್ವರ ಬಂದ ದಿನ ಗದ್ದೆಗೆ ಇಳಿಯದೆ ಉಳಿದರೆ ಅದು ಒಳ್ಳೆಯದೇ. ನಿಮ್ಮ ತಂದೆಗೆ ಆಳು ಬೇಕಾದರೆ, ಗಂಡಾಳಿಗೆ ಕೊಡುವ ಕೂಲಿಯನ್ನೇ ಹೆಣ್ಣಾಳಿಗೂ ಕೊಟ್ಟು ನೋಡಲು ಹೇಳು. ರೈತರ ಕಷ್ಟ ನನಗೆ ಗೊತ್ತಿದೆ. ಬೆಲೆ ಸಿಗದ ಬೆಳೆಯಲ್ಲಿ ಕೂಲಿ ಹೆಚ್ಚು ಮಾಡುವುದು ಸುಲಭವಲ್ಲ. ಆದರೆ ಆ ನಷ್ಟವನ್ನು ಹೆಣ್ಣಾಳಿನ ಕೂಲಿಯಿಂದ ಕಳೆಯುವುದು ನ್ಯಾಯವಲ್ಲ.

ಎರಡನೇ ಪ್ರಶ್ನೆ ಕೊನೇ ವರ್ಷದ ಬಿ.ಕಾಂ. ಹುಡುಗಿಯದು: "ನಂಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿದೆ ಮೇಡಂ. ಮನೇಲಿ ಪಿಜಿಗೆ ಬಿಡಲ್ಲ ಅಂತಿದ್ದಾರೆ. ನಮ್ಮ ಕ್ಲಾಸಿನ ಹುಡುಗ್ರು ಟ್ರೈನಲ್ಲಿ ಹೋಗಿ ಬರ್ತಾರೆ. ನಾನು ಬರೋದು ರಾತ್ರಿ ಆಗುತ್ತೆ ಅಂತ ಅದಕ್ಕೂ ಬೇಡ ಅಂತಾರೆ."

ನಿಮ್ಮ ಮನೆಯವರ ಹತ್ತಿರ ನಾನೇ ಮಾತಾಡುತ್ತೇನೆ ಮಗಾ, ಉಪನ್ಯಾಸ ಮುಗಿದ ಮೇಲೆ ನಂಬರ್ ಕೊಡು. ಆದರೆ ಈ ಕೋಣೆಯಲ್ಲಿರುವ ಎಲ್ಲರಿಗೂ ಒಂದು ಮಾತು. ನಮ್ಮ ದೇಶದಲ್ಲಿ ಪದವಿ ಓದಿದವರಲ್ಲಿ ಗಂಡಸರಿಗಿಂತ ಹೆಂಗಸರಲ್ಲೇ ನಿರುದ್ಯೋಗ ಜಾಸ್ತಿ. ಅದರ ಹಿಂದೆ ಇಂಥ ಎಷ್ಟೋ ಮನೆಗಳ ಮಾತುಕತೆ ಇದೆ. ನಿಮ್ಮ ತಂದೆ ತಾಯಿ ಹೆದರುವುದು ಸ್ಟೇಷನ್ನಿನಿಂದ ಮನೆವರೆಗಿನ ಕತ್ತಲೆ ರಸ್ತೆಗೆ. ಆ ರಸ್ತೆಗೆ ದೀಪ ಹಾಕುವುದು, ಟ್ರೈನ್ ಬರುವ ಹೊತ್ತಿಗೆ ಹಳ್ಳಿ ಕಡೆಗೆ ಬಸ್ ಇರುವಂತೆ ಮಾಡುವುದು, ಬೆಂಗಳೂರಿನಲ್ಲಿ ಸರ್ಕಾರದ ಕಡೆಯಿಂದ ಮಹಿಳಾ ಹಾಸ್ಟೆಲ್ ಕಟ್ಟುವುದು, ಇವೆಲ್ಲ ಕಾರ್ಖಾನೆಗೆ ಜಮೀನು ಕೊಡುವಷ್ಟೇ ದೊಡ್ಡ ಆರ್ಥಿಕ ನೀತಿ. ಪ್ರಿನ್ಸಿಪಾಲರು ಇಲ್ಲೇ ಇದ್ದಾರೆ, ಅವರಲ್ಲಿ ನನ್ನ ಮನವಿ ಇದು: ಕ್ಯಾಂಪಸ್ಸಿಗೆ ನೇಮಕಾತಿಗೆ ಬರುವ ಪ್ರತಿ ಕಂಪನಿಯನ್ನೂ ಸಂಬಳ ಎಷ್ಟು ಅಂತ ಕೇಳುವಾಗಲೇ ಇನ್ನೂ ಮೂರು ಪ್ರಶ್ನೆ ಕೇಳಿ. ಶಿಫ್ಟ್ ಎಷ್ಟು ಗಂಟೆಗೆ ಮುಗಿಯುತ್ತೆ? ಆಮೇಲೆ ಮನೆವರೆಗೆ ಗಾಡಿ ಇದೆಯಾ? ಮಗುವಾದ ಮೇಲೆ ಕೆಲಸಕ್ಕೆ ವಾಪಸ್ ಬಂದ ಹೆಂಗಸರು ನಿಮ್ಮಲ್ಲಿ ಎಷ್ಟು ಜನ ಇದ್ದಾರೆ? ಉತ್ತರವನ್ನು ನೋಟಿಸ್ ಬೋರ್ಡಿಗೆ ಹಾಕಿ. ಈ ವರ್ಷದ ನೇಮಕಾತಿಯಿಂದಲೇ ಶುರು ಮಾಡಬಹುದು.